ಕ್ಷೇಮವೆಂಬ ಮಾತು

ಹಿಂದೆ ನಮ್ಮ ಮನೆಗಳಲ್ಲಿ ಕಾಗದ ಬರೆಯುವುದಕ್ಕೆ ಒಂದು ಕ್ರಮವಿತ್ತು. ‘ಇಲ್ಲಿ ನಾವೆಲ್ಲರೂ ಕ್ಷೇಮ, ತಮ್ಮೆಲ್ಲರ ಕ್ಷೇಮಕ್ಕೆ ಬರೆಯಿಸತಕ್ಕದ್ದು’ ಎಂಬ ಸಾಲನ್ನು ಮೊದಲು ಬರೆದ ಹೊರತು ಬೇರೆ ಯಾವ ಸಂಗತಿಯನ್ನೂ ಎತ್ತುವಂತಿರಲಿಲ್ಲ. ಹಸು ಕರು ಹಾಕಿದ್ದು, ಅಡಕೆಗೆ ಕೊಳೆರೋಗ ತಗಲಿದ್ದು, ತಂಗಿಗೆ ಸಂಬಂಧ ಕೂಡಿಬಂದದ್ದು, ಇವೆಲ್ಲವೂ ಅದರ ತರುವಾಯ. ಪಾಠಶಾಲೆಯಲ್ಲಿ ಪತ್ರಲೇಖನವನ್ನು ಕಲಿಸುವಾಗ ನಾವು ಸಹ ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಂದ ಈ ಸಾಲನ್ನೇ ಬರೆಯಿಸಿದೆವು. ಬರೆಯದವರ ಅಂಕವನ್ನು ಕಳೆದೆವು. ಆದರೆ ಆ ಮಾತಿನ ಒಳಗೆ ಏನಿದೆಯೆಂದು ನಿಧಾನವಾಗಿ ಯೋಚಿಸುವ ಬಿಡುವು ನಮಗೆ ದೊರೆತದ್ದು ಕೆಲಸದಿಂದ ನಿವೃತ್ತರಾದ ಮೇಲೆಯೇ.

ನಾವು ಪುತ್ತೂರು ಸೀಮೆಯ, ಕೊಂಕಣಿ ಮಾತಾಡುವ ಕ್ರೈಸ್ತ ಮನೆತನದವರು. ಪುತ್ತೂರಿನ ಮಾಯಿದೆ ದೇವುಸ್ ಇಗರ್ಜಿಯು 1830ರಲ್ಲಿ ಸ್ಥಾಪಿತವಾದದ್ದು. ನಮ್ಮ ಹಿರಿಯರ ಜ್ಞಾನಸ್ನಾನ, ವಿವಾಹ, ಉತ್ತರಕ್ರಿಯೆಗಳು ಅಲ್ಲಿಯೇ ನಡೆದವು. ನಮಗೆ ವಿದ್ಯೆಯ ರುಚಿಯನ್ನು ಹತ್ತಿಸಿದವರಾದರೋ ಸಂಸ್ಕೃತ ಪಂಡಿತರೊಬ್ಬರು. ಅವರ ಮನೆಯ ಜಗಲಿಯಲ್ಲಿ ಕುಳಿತು ಅಮರಕೋಶವನ್ನು ಬಾಯಿಪಾಠ ಮಾಡಿ, ಸಂಜೆ ಮನೆಗೆ ಬಂದು ಮೊಣಕಾಲೂರಿ ಜಪಸರವನ್ನು ಹಿಡಿಯುವುದರಲ್ಲಿ ನಮಗೆ ಯಾವ ವಿರೋಧವೂ ಎಂದೂ ತೋರಲಿಲ್ಲ.

ಆ ಗುರುಗಳು ‘ಯೋಗಕ್ಷೇಮ’ವೆಂಬ ಪದವನ್ನು ಬಿಡಿಸಿ ಹೇಳಿದ್ದು ಈಗಲೂ ಕಿವಿಯಲ್ಲಿದೆ. ಇಲ್ಲದ್ದು ದೊರೆಯುವುದು ಯೋಗ. ದೊರೆತದ್ದು ಉಳಿಯುವುದು ಕ್ಷೇಮ. ‘ಕ್ಷಿ’ ಎಂಬ ಧಾತುವಿಗೆ ವಾಸಮಾಡು ಎಂದು ಅರ್ಥ. ಅದೇ ಉಚ್ಚಾರದ ಬೇರೊಂದು ಧಾತುವಿಗೆ ಸವೆ, ನಶಿಸು ಎಂದು ಅರ್ಥ. ಮೊದಲನೆಯದರಿಂದ ಕ್ಷೇಮ ಬಂತು, ಎರಡನೆಯದರಿಂದ ಕ್ಷಯ ಬಂತು. ಎರಡೂ ಎಷ್ಟು ನೆರೆಹೊರೆಯಲ್ಲಿ ಇವೆಯೆಂಬುದನ್ನು ಭಾಷೆಯೇ ನಮಗೆ ತೋರಿಸಿಕೊಟ್ಟಿದೆ.

ಮನುಷ್ಯನು ಯೋಗಕ್ಕಾಗಿ ದೇವರನ್ನು ಸ್ತುತಿಸುವುದು ಸುಲಭ. ಕೆಲಸ ಸಿಕ್ಕಿತು, ಮಗು ಹುಟ್ಟಿತು, ಫಸಲು ಬಂತು. ಇವು ಕಣ್ಣಿಗೆ ಕಾಣುವ ಸಂಗತಿಗಳು. ಕ್ಷೇಮಕ್ಕಾದರೋ ರೂಪವಿಲ್ಲ. ಅದು ನಡೆಯದೆ ಹೋದ ಸಂಗತಿಗಳ ಮೊತ್ತ. ಸುಳ್ಯ, ಕಡಬದ ಗುಡ್ಡಗಳಲ್ಲಿ ಬೆಳಕು ಹರಿಯುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ರಬ್ಬರು ಹಾಲು ತೆಗೆಯಲು ಹೊರಡುವವನ ಕಾಲ ಬಳಿ ಹಾವು ಸರಿದುಹೋಗುತ್ತದೆ, ಅವನು ನೋಡುವುದಿಲ್ಲ. ಮಳೆಗಾಲದ ಬಿಡುವಿನಲ್ಲಿ ಅಡಕೆಮರದ ತುದಿಗೇರಿ ಮೈಲುತುತ್ತು, ಸುಣ್ಣದ ದ್ರಾವಣವನ್ನು ಸಿಂಪಡಿಸುವವನು ಒಂದು ಮರದಿಂದ ಇನ್ನೊಂದು ಮರಕ್ಕೆ ತೂಗಿ ದಾಟುತ್ತಾನೆ, ಮರ ಮುರಿಯುವುದಿಲ್ಲ. ಶಾಲೆಗೆ ಹೋಗುವ ಮಗು ಪಾಚಿಗಟ್ಟಿದ ಸಂಕವನ್ನು ದಾಟುತ್ತದೆ, ಜಾರುವುದಿಲ್ಲ. ಸಂಜೆ ಮೂವರೂ ಮನೆಗೆ ಬಂದು ಗಂಜಿಯುಣ್ಣುತ್ತಾರೆ. ‘ಇವತ್ತು ಏನು ವಿಶೇಷ?’ ಎಂದು ಕೇಳಿದರೆ ‘ಏನೂ ಇಲ್ಲ’ ಎನ್ನುತ್ತಾರೆ. ಆ ‘ಏನೂ ಇಲ್ಲ’ ಎಂಬುದರಲ್ಲಿ ಎಷ್ಟು ದೊಡ್ಡ ಉಪಕಾರ ಅಡಗಿದೆ!

ಇದನ್ನು ನಮ್ಮ ತಾಯಿಯವರು ಬಲ್ಲವರಾಗಿದ್ದರು. ಅವರು ಓದಿದ್ದು ಮೂರನೆಯ ತರಗತಿಯವರೆಗೆ. ನಮ್ಮ ಮನೆಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಕೂಡಿ ತೇರ್ಸ್ ಎಂಬ ಜಪಸರದ ಪ್ರಾರ್ಥನೆಯನ್ನು ಮಾಡಿ, ಕಿರಿಯರು ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಬೇಡುವ ವಾಡಿಕೆಯುಂಟು. ಬೆಸಾಂವ್ ಕೊಡುವ ಮೊದಲು ತಾಯಿಯವರು ನಮ್ಮನ್ನು ಒಬ್ಬೊಬ್ಬರಾಗಿ, ‘ಇಂದು ಏನಾಗಲಿಲ್ಲ?’ ಎಂದು ಕೇಳುತ್ತಿದ್ದರು. ‘ತೋಡಿನಲ್ಲಿ ಬೀಳಲಿಲ್ಲ’ ಎಂದು ಒಬ್ಬಳು ಹೇಳುವಳು. ‘ಮಾಷ್ಟ್ರು ಹೊಡೆಯಲಿಲ್ಲ’ ಎಂದು ನಾವು ಹೇಳುತ್ತಿದ್ದೆವು. ಎಲ್ಲರೂ ನಗುವರು, ತಾಯಿಯವರು ಮಾತ್ರ ನಗದೆ, ‘ಅದಕ್ಕೂ ದೇವರಿಗೆ ಸ್ತೋತ್ರ’ ಎನ್ನುತ್ತಿದ್ದರು. ಬಾಲ್ಯದಲ್ಲಿ ಇದು ನಮಗೆ ಆಟವಾಗಿ ಕಂಡಿತು. ಈಗ ನಾವು ಓದಿದ ಅನೇಕ ಗ್ರಂಥಗಳಿಗಿಂತ ಆ ಒಂದು ಪ್ರಶ್ನೆಯೇ ಹೆಚ್ಚಿನದೆಂದು ತೋರುತ್ತದೆ.

ಆದರೆ ಈ ಪ್ರಶ್ನೆಗೆ ಉತ್ತರ ಹೇಳುವುದು ಯಾವಾಗಲೂ ಹಗುರವಲ್ಲ. 2022ನೆಯ ಇಸವಿಯ ಜೂನ್ ತಿಂಗಳ ಕೊನೆಯಲ್ಲಿ ಸುಳ್ಯ ಸೀಮೆಯಲ್ಲಿ ಭೂಮಿಯು ಹಲವು ಬಾರಿ ಲಘುವಾಗಿ ಕಂಪಿಸಿತು. ಸುಳ್ಯದಲ್ಲಿರುವ ನಮ್ಮ ತಂಗಿಯ ಮನೆಯಲ್ಲಿ ಪಾತ್ರೆಗಳು ಅಲುಗಾಡಿದವು, ಮನೆ ನಿಂತಿತು. ದೇವರು ಕಾಪಾಡಿದನೆಂದು ನಾವೆಲ್ಲ ಕೂಡಿ ಪ್ರಾರ್ಥಿಸಿದೆವು. ಅದೇ ವರ್ಷದ ಆಗಸ್ಟ್ ಮೊದಲಲ್ಲಿ, ಒಂದು ರಾತ್ರಿಯ ಘೋರ ಮಳೆಗೆ, ಸುಬ್ರಹ್ಮಣ್ಯದಲ್ಲಿ ಗುಡ್ಡವು ಮನೆಯೊಂದರ ಮೇಲೆ ಜರಿದು ಎಳೆಯ ಮಕ್ಕಳಿಬ್ಬರು ತೀರಿಕೊಂಡರು. ಆ ಸುದ್ದಿ ಕೇಳಿದ ಸಂಜೆ ನಮ್ಮ ಬಾಯಿಂದ ಸ್ತೋತ್ರ ಹೊರಡಲಿಲ್ಲ. ನಮ್ಮ ತಂಗಿಯ ಮನೆಯನ್ನು ಉಳಿಸಿದವನು ಆ ಮನೆಯನ್ನು ಏಕೆ ಉಳಿಸಲಿಲ್ಲ? ನಾವು ಕೃತಜ್ಞತೆಯೆಂದು ಕರೆಯುತ್ತಿರುವುದು ನೆರೆಯವರ ಅಳಲಿನ ಮುಂದೆ ಕುಳಿತು ಮಾಡುವ ಒಂದು ಬಗೆಯ ಹೆಮ್ಮೆಯಾಗಿರಬಹುದೇ?

ಈ ಸಂಶಯವನ್ನು ನಮ್ಮ ಶಾಸ್ತ್ರವೇ ಮುಚ್ಚಿಡಲಿಲ್ಲವೆಂಬುದು ಒಂದು ಸಮಾಧಾನ. ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ, ಬುರುಜೊಂದು ಬಿದ್ದು ಹದಿನೆಂಟು ಮಂದಿ ಸತ್ತ ಪ್ರಸ್ತಾಪವುಂಟು. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ಭಾವಿಸಬಾರದೆಂದು ಕ್ರಿಸ್ತನು ಅಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಹಾಗಾದರೆ ಉಳಿದವರು ತಾವು ಹೆಚ್ಚು ಯೋಗ್ಯರೆಂದು ಭಾವಿಸುವುದಕ್ಕೂ ಎಡೆಯಿಲ್ಲ. ‘ದೇವರು ನನ್ನನ್ನು ಉಳಿಸಿದನು’ ಎಂಬ ಮಾತಿನಲ್ಲಿ ‘ನನ್ನನ್ನು’ ಎಂಬುದನ್ನು ಒತ್ತಿ ಹೇಳಿದರೆ ಅದು ಸ್ತೋತ್ರವಲ್ಲ, ಜಂಬ. ಇಷ್ಟು ತಿಳಿಯಿತು. ಆದರೆ ಹಾಗೆ ಒತ್ತದೆ ಹೇಳುವುದು ಹೇಗೆಂಬುದು ತಿಳಿಯಲಿಲ್ಲ. ಅದನ್ನು ತಿಳಿಯಬೇಕಾದರೆ ನಾವು ಮಾಡಿದ ಒಂದು ಹಳೆಯ ತಪ್ಪಿನ ಕಡೆಗೆ ತಿರುಗಿ ನೋಡಬೇಕಾಯಿತು. ನಾಚಿಕೆಯ ಸಂಗತಿಯಾದರೂ ವಾಚಕರ ಮುಂದೆ ಹೇಳುತ್ತೇವೆ.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಕಡಬದ ಕಡೆಯ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದೆವು, ಸಂಸಾರವು ಪುತ್ತೂರಿನಲ್ಲಿತ್ತು. ಕಡಬದಿಂದ ಉಪ್ಪಿನಂಗಡಿಗೆ ಬರುವ ದಾರಿಯಲ್ಲಿ ಹೊಸಮಠವೆಂಬಲ್ಲಿ ಗುಂಡ್ಯ ಹೊಳೆಗೆ ಆಗ ತಗ್ಗಾದ ಮುಳುಗುಸೇತುವೆಯಿತ್ತು. ಆಟಿ ತಿಂಗಳ ಮಳೆ ಬಲಿತರೆ ನೀರು ಸೇತುವೆಯ ಮೇಲೆಯೇ ಹರಿಯುವುದು. ಇಳಿಯುವವರೆಗೆ ಎರಡೂ ದಡಗಳಲ್ಲಿ ಬಸ್ಸುಗಳು ಸಾಲಾಗಿ ನಿಲ್ಲುವವು. ಒಂದು ಶನಿವಾರ ನಾವು ಬಸ್ಸಿನಲ್ಲಿದ್ದೆವು. ಮನೆಯಲ್ಲಿ ಮಗನಿಗೆ ಜ್ವರವೆಂದು ಸುದ್ದಿ ಬಂದಿತ್ತು. ಸೇತುವೆಯ ಬಳಿ ಬಂದಾಗ ನೀರು ಅದರ ಮೇಲೆ ಗೇಣುದ್ದ ಏರಿರಬಹುದು. ಡ್ರೈವರನು ಬಸ್ಸನ್ನು ನಿಲ್ಲಿಸಿದನು.

‘ಇಷ್ಟೇ ನೀರಿಗೆ ನಿಲ್ಲಿಸುವುದೇ?’ ಎಂದು ಪ್ರಯಾಣಿಕರು ಗದ್ದಲವೆಬ್ಬಿಸಿದರು. ಗದ್ದಲ ಮಾಡಿದವರಲ್ಲಿ ಮುಂದಾಳು ನಾವೇ. ‘ಹೆದರುವವನಿಗೆ ಈ ಕೆಲಸ ಯಾಕೆ?’ ಎಂಬ ಮಾತು ನಮ್ಮ ಬಾಯಿಂದ, ಮಕ್ಕಳಿಗೆ ಸುಭಾಷಿತಗಳನ್ನು ಕಲಿಸುತ್ತಿದ್ದ ಅದೇ ಬಾಯಿಂದ, ಹೊರಟಿತು. ಆತನು ಮರುಮಾತಾಡಲಿಲ್ಲ, ಬೀಗದ ಕೈಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು ಕೆಳಗಿಳಿದು ನಿಂತನು. ಕಾಲು ಗಂಟೆ ಕಳೆದಿರಲಾರದು. ಬೇರುಸಹಿತವಾದ ದೊಡ್ಡ ಮರವೊಂದು ಹೊಳೆಯಲ್ಲಿ ತೇಲಿಬಂದು, ಸೇತುವೆಗೆ ಅಪ್ಪಳಿಸಿ, ಅದರ ಮೇಲಿನಿಂದಲೇ ಉರುಳಿ ಆಚೆಗೆ ಹೋಯಿತು. ಅನಂತರ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಆ ರಾತ್ರಿಯನ್ನು ಅಂಗಡಿಯೊಂದರ ಜಗಲಿಯಲ್ಲಿ ಕಳೆದು ಮರುದಿನ ಮನೆಗೆ ಮುಟ್ಟಿದೆವು. ಮಗನ ಜ್ವರ ಇಳಿದಿತ್ತು. ಸಂಜೆ ಇಗರ್ಜಿಗೆ ಹೋಗಿ ಮೇಣದ ಬತ್ತಿಗಳನ್ನು ಹಚ್ಚಿ ಮನಸಾರೆ ದೇವರಿಗೆ ವಂದಿಸಿ ಬಂದೆವು. ನಮ್ಮ ಸಹಧರ್ಮಿಣಿಯು ಎಲ್ಲವನ್ನೂ ಕೇಳಿ, ‘ಆ ಡ್ರೈವರನಿಗೆ ಏನು ಹೇಳಿ ಬಂದಿರಿ?’ ಎಂದಳು. ನಾವು ಏನೂ ಹೇಳಿರಲಿಲ್ಲ. ಅವನ ಮುಖವನ್ನು ನೋಡಲು ನಾಚಿಕೆಯಾಗಿ, ಮರುದಿನ ಬಸ್ಸಿನ ಹಿಂಬಾಗಿಲಿನಿಂದ ಇಳಿದುಬಂದಿದ್ದೆವು.

ಸಂಸ್ಕೃತದಲ್ಲಿ ‘ಕೃತಜ್ಞ’ನೆಂದರೆ ಮಾಡಿದ್ದನ್ನು ಬಲ್ಲವನು. ಹೃದಯ ಕರಗಿದವನು, ಕಣ್ಣು ತುಂಬಿದವನು ಎಂದು ಅದರ ಅರ್ಥವಲ್ಲ. ಮಾಡಿದ್ದೇನು, ಯಾರ ಕೈಯಿಂದ ಆಯಿತು ಎಂಬುದನ್ನು ತಿಳಿದವನು ಎಂದಷ್ಟೇ. ಮೇಣದ ಬತ್ತಿ ಹಚ್ಚಿದ ನಮಗೆ ಕಣ್ಣು ತುಂಬಿತ್ತು, ನಿಜ. ಆದರೆ ತಿಳಿವು ಅರ್ಧವಾಗಿತ್ತು. ದೇವರ ರಕ್ಷಣೆಯು ಆ ದಿನ ಬೈಗಳನ್ನು ನುಂಗಿಕೊಂಡ ಒಬ್ಬ ಮನುಷ್ಯನ ಜೇಬಿನಲ್ಲಿ ಬೀಗದ ಕೈಯಾಗಿ ಕುಳಿತಿತ್ತು. ಕೊಟ್ಟವನನ್ನು ಹೊಗಳಿ, ತಂದವನನ್ನು ಮರೆತೆವು.

2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನಲ್ಲಿ ಒಂದೇ ಮುಂಜಾನೆ ಕಾಡಾನೆಯು ಇಬ್ಬರನ್ನು ಕೊಂದಿತು. ಒಬ್ಬಾಕೆ ಕೆಲಸಕ್ಕೆ ಹೊರಟವಳು. ಇನ್ನೊಬ್ಬರು ಆಕೆಯ ಕೂಗನ್ನು ಕೇಳಿ ಕಾಪಾಡಲು ಓಡಿಬಂದವರು. ಇದನ್ನು ಓದಿದಂದಿನಿಂದ ನಮ್ಮ ಹಳೆಯ ಪ್ರಶ್ನೆಯು ತನ್ನ ರೂಪವನ್ನು ಬದಲಾಯಿಸಿಕೊಂಡಿತು. ಇವರನ್ನು ಏಕೆ ಉಳಿಸಲಿಲ್ಲವೆಂಬುದನ್ನು ನಾವು ಅರಿಯೆವು. ಅರಿತವರಂತೆ ಮಾತಾಡುವುದು ಸಹ ಪಾಪವೆಂದೇ ತಿಳಿಯುತ್ತೇವೆ. ಆದರೆ ಕೂಗು ಕೇಳಿ ಓಡಿದ ಆ ಕಾಲುಗಳಲ್ಲಿ ದೇವರು ಇರಲಿಲ್ಲವೆಂದು ನಾವು ಹೇಳಲಾರೆವು. ಉಳಿದವರ ಕೆಲಸವು ತಾವೇಕೆ ಉಳಿದೆವೆಂದು ಲೆಕ್ಕ ಹಾಕುವುದಲ್ಲ. ಮುಂದಿನ ಕೂಗಿಗೆ ಕಿವಿಗೊಡುವುದು.

ಕೊಂಕಣಿಯಲ್ಲಿ ‘ಉಪಕಾರವಾಯಿತು’ ಎನ್ನುವುದಕ್ಕೆ ‘ದೇವ್ ಬರೆಂ ಕರುಂ’ ಎನ್ನುತ್ತೇವೆ. ದೇವರು ಒಳ್ಳೆಯದು ಮಾಡಲಿ ಎಂದು ಅದರ ಅರ್ಥ. ನನಗೆ ಒಳ್ಳೆಯದಾಯಿತು ಎಂಬ ಮಾತು ಅದರಲ್ಲಿಲ್ಲ. ನಿನಗೆ ಒಳ್ಳೆಯದಾಗಲಿ ಎಂಬುದೇ ಇದೆ. ಪಡೆದವನು ಪಡೆದದ್ದನ್ನು ಕೈಯಲ್ಲಿ ಹಿಡಿದುಕೊಂಡು ಕೂರದೆ, ಆ ಕ್ಷಣದಲ್ಲಿಯೇ ಅದನ್ನು ಮುಂದಕ್ಕೆ ದಾಟಿಸುತ್ತಾನೆ. ‘ನನ್ನನ್ನು’ ಎಂಬುದನ್ನು ಒತ್ತದೆ ಸ್ತೋತ್ರ ಹೇಳುವುದು ಹೇಗೆಂದು ಹುಡುಕುತ್ತಿದ್ದ ನಮಗೆ, ಹುಟ್ಟಿದಂದಿನಿಂದ ಆಡುತ್ತಿದ್ದ ಮಾತಿನಲ್ಲಿಯೇ ಉತ್ತರವಿತ್ತು.

ಸೆಪ್ಟೆಂಬರ್ 8ರಂದು ನಾವು ಆಚರಿಸುವ ಮೊಂತಿ ಫೆಸ್ತ್, ಅಂದರೆ ತೆನೆಹಬ್ಬದಲ್ಲಿಯೂ ಇದೇ ಕ್ರಮವುಂಟು. ಅದು ಮರಿಯಮ್ಮನವರ ಜನ್ಮದಿನ. ಒಂಬತ್ತು ದಿನ ಮಕ್ಕಳು ಹೂ ಒಯ್ದು ಅರ್ಪಿಸಿದ ಮೇಲೆ, ಆಶೀರ್ವದಿಸಿದ ಹೊಸ ತೆನೆಗಳನ್ನು ಇಗರ್ಜಿಯಲ್ಲಿ ಮನೆಮನೆಗೆ ಹಂಚುತ್ತಾರೆ. ಅದರ ಕಾಳುಗಳನ್ನು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರಸಿ, ಮನೆಯ ಹಿರಿಯರು ಪ್ರಾರ್ಥಿಸಿ ಎಲ್ಲರಿಗೂ ಕೊಡುತ್ತಾರೆ. ಆ ದಿನ ತರಕಾರಿಯದೇ ಊಟ. ಪರಸ್ಥಳದಲ್ಲಿರುವವರ ಪಾಲಿನ ತೆನೆಯನ್ನು ಲಕೋಟೆಯಲ್ಲಿಟ್ಟು ಕಳುಹಿಸುತ್ತಾರೆ. ಮಳೆಗಾಲದ ನೆರೆ, ಸಿಡಿಲು, ಜ್ವರಗಳನ್ನು ದಾಟಿ ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಕೂಡುವ ಆ ಊಟವು ಹೊಸ ಅಕ್ಕಿಯ ಯೋಗಕ್ಕೆ ಎಷ್ಟೋ, ಕ್ಷೇಮಕ್ಕೂ ಅಷ್ಟೇ ವಂದನೆ. ಬರಲಾರದವರ ಪಾಲನ್ನು ಮರೆತರೆ ಹಬ್ಬ ಪೂರ್ತಿಯಾಗುವುದಿಲ್ಲ.

ಕಳೆದ ಹಬ್ಬದ ಮರುದಿನ, ನಮ್ಮ ಸಹಧರ್ಮಿಣಿಯ ಒತ್ತಾಯಕ್ಕೆ, ಆ ಡ್ರೈವರನನ್ನು ಹುಡುಕಿಕೊಂಡು ಉಪ್ಪಿನಂಗಡಿಗೆ ಹೋದೆವು. ನಾಲ್ಕಾರು ಕಡೆ ವಿಚಾರಿಸಿದ ಮೇಲೆ ಸಿಕ್ಕಿದರು. ಬ್ಯಾರಿ ಸಮಾಜದವರು, ಈಗ ಎಪ್ಪತ್ತರ ಸಮೀಪ, ಮಗನ ಅಂಗಡಿಯ ಮುಂದೆ ಬೆಂಚಿನ ಮೇಲೆ ಕುಳಿತಿದ್ದರು. ನಾವು ಹೊಸಮಠದ ಸಂಗತಿಯನ್ನು, ನಾವಾಡಿದ ಮಾತನ್ನೂ ಬಿಡದೆ, ಹೇಳಿ ಕ್ಷಮೆ ಕೇಳಿದೆವು. ಅವರು ಬಹಳ ಹೊತ್ತು ನೆನಪು ಮಾಡಿಕೊಂಡು ನಕ್ಕರು.

‘ನನಗೆ ನೆನಪಿಲ್ಲ ಮಾಷ್ಟ್ರೇ. ಮಳೆಗಾಲದಲ್ಲಿ ಅಲ್ಲಿ ಬಸ್ಸು ನಿಲ್ಲಿಸಿದ್ದು ಒಂದು ಸಲವೋ? ಬೈಗಳು ಕೇಳಿದ್ದು ಒಂದು ಸಲವೋ? ನೀರು ಮೇಲೆ ಬಂದರೆ ನಿಲ್ಲಿಸುವುದು, ಅಷ್ಟೆ. ಈಗ ಅಲ್ಲಿ ಎತ್ತರದ ಹೊಸ ಸೇತುವೆ ಆಗಿದೆ. ಆ ಬೈಗಳೂ ಹೋಯಿತು.’

ಚಹಾ ಕುಡಿಸಿಯೇ ಕಳುಹಿಸಿದರು. ನಾವು ಹೊರಡಲು ಎದ್ದಾಗ ಕೈಹಿಡಿದು, ‘ಇಷ್ಟು ದೂರ ಬಂದಿರಲ್ಲ, ದೇವರು ನಿಮಗೆ ಒಳ್ಳೆಯದು ಮಾಡಲಿ’ ಎಂದರು. ನಾವು ಮೂವತ್ತು ವರ್ಷ ತಡಮಾಡಿ ಹೇಳಬಂದ ಮಾತನ್ನು ಅವರೇ ನಮಗಿಂತ ಮೊದಲು ಹೇಳಿಬಿಟ್ಟರು. ನಾವೂ ಅದನ್ನೇ ತಿರುಗಿ ಹೇಳಿ ಬಂದೆವು.

ಈಗ ನಮ್ಮ ಮನೆಯಲ್ಲಿ ಸಂಜೆ ಮೊಮ್ಮಕ್ಕಳನ್ನು ‘ಇಂದು ಏನಾಗಲಿಲ್ಲ?’ ಎಂದು ಕೇಳುತ್ತೇವೆ. ಅದರ ಜೊತೆಗೆ ‘ಯಾರಿಂದ ಆಗಲಿಲ್ಲ?’ ಎಂದೂ ಕೇಳುತ್ತೇವೆ. ಮಳೆಯಲ್ಲಿ ಕಂಬ ಹತ್ತಿದ ಲೈನುಮನೆಯವನು, ಸಂಕಕ್ಕೆ ಹೊಸ ಮರ ಹಾಕಿದ ನೆರೆಮನೆಯಾತ, ಮಕ್ಕಳು ರಸ್ತೆ ದಾಟುವವರೆಗೆ ಕಾದು ನಿಂತ ಲಾರಿಯವನು, ಇಂಥವರ ಹೆಸರುಗಳು ನಮ್ಮ ಪ್ರಾರ್ಥನೆಯೊಳಗೆ ಬಂದಿವೆ. ಹೆಸರು ತಿಳಿಯದವರೇ ಹೆಚ್ಚು. ಅವರನ್ನು ಹೆಸರಿಟ್ಟು ಬಲ್ಲವನು ಒಬ್ಬನಿದ್ದಾನೆ.

ವಾಚಕ ಮಹಾಶಯರೇ, ಇಲ್ಲಿ ನಾವೆಲ್ಲರೂ ಕ್ಷೇಮ. ತಮ್ಮೆಲ್ಲರ ಕ್ಷೇಮವನ್ನು ಕೋರುತ್ತೇವೆ.