ಆತಕೂರಿನ ಹಂದಿ ಮತ್ತು ಅಂಬಿಲ್ಲದ ಬಿಲ್ಲು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರು ಶಾಸನವು ಕನ್ನಡದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಶಕವರ್ಷ 872ರ, ಎಂದರೆ ಕ್ರಿ.ಶ. 949–50ರ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಗಂಗರ ಇಮ್ಮಡಿ ಬೂತುಗನ ಕಡೆಯ ಮಣಲೆರನು ತೋರಿದ ಪರಾಕ್ರಮವನ್ನು ಮೆಚ್ಚಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಬೇಡಿದ್ದನ್ನು ಕೊಡುವೆನೆಂದಾಗ, ಅವನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿಯೆಂಬ ಬೇಟೆನಾಯಿಯನ್ನು. ಕೆಳಲೆನಾಡಿನ ಬೆಳತೂರ ಪಡುವಣ ಬೆಟ್ಟದಲ್ಲಿ ಆ ನಾಯಿಯನ್ನು ಹಿರಿಯ ಹಂದಿಯೊಂದರ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಹೋರಾಡಿ ಎರಡೂ ಸತ್ತವು. ನಾಯಿಗೆ ಕಲ್ಲು ನಿಂತಿತು. ಆ ಕಲ್ಲಿಗೆ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ದತ್ತಿಯಾಯಿತು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂಬ ಶಾಪವೂ ಅಲ್ಲಿದೆ.

ಮದ್ದೂರಿನಲ್ಲಿ ನೆಲೆಸಿದ್ದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಈ ಶಾಸನವನ್ನು ಮೂವತ್ತು ವರ್ಷ ಪಾಠ ಹೇಳಿದ್ದರು. ಜೈನ ಮನೆತನದವರು, ಅಣುವ್ರತಿಗಳು. ಚೋಳ ರಾಜಾದಿತ್ಯನ ಸಾವಿನ ಪ್ರಸಂಗ ಬಂದಾಗ ಅವರ ಪಾಠ ನಿಧಾನವಾಗುತ್ತಿತ್ತು. ಆನೆಯ ಮೇಲಿದ್ದ ರಾಜಾದಿತ್ಯನನ್ನು ಬೂತುಗನು ಸುರಗಿಯಿಂದ ಇರಿದು ಕೊಂದನೆಂದು ಆತಕೂರಿನ ಕಲ್ಲು ಹೇಳುತ್ತದೆ; ಚೋಳರ ಲೈಡನ್ ತಾಮ್ರಪಟಗಳು ಅವನ ಎದೆಯನ್ನು ಸೀಳಿದ್ದು ಕೃಷ್ಣರಾಜನ ಬಾಣವೆನ್ನುತ್ತವೆ. ಆತಕೂರಿನ ಪಾಠದಲ್ಲಿಯೂ ಒಂದು ಪದದ ತೊಡಕಿದೆ. ಫ್ಲೀಟ್ ಅವರು ಅದನ್ನು ‘ಕಳ್ಳನಾಗಿ’ ಎಂದು ಗ್ರಹಿಸಿ ಬೂತುಗನ ಮೇಲೆ ವಂಚನೆಯ ಕಳಂಕ ಹೊರಿಸಿದರು. ಅದು ‘ಕಳನಾಗಿ’, ಎಂದರೆ ಆನೆಯ ಮೇಲಣ ಪೀಠವೇ ಯುದ್ಧಭೂಮಿಯಾಗಿ ಎಂಬುದು ಅನಂತರದ ವಿದ್ವಾಂಸರ ನಿರ್ಣಯ. ಒಂದು ಒತ್ತಕ್ಷರ ಒಬ್ಬ ಅರಸನ ಮಾನವನ್ನು ತೆಗೆಯಬಲ್ಲುದು, ಉಳಿಸಬಲ್ಲುದು ಎಂದು ಮೇಷ್ಟ್ರು ಹೇಳುತ್ತಿದ್ದರು.

ಆದರೆ 941ರ ಪಂಪಭಾರತವನ್ನು ಓದಿಸುವಾಗ ವಿದ್ಯಾರ್ಥಿಯೊಬ್ಬ ಕೇಳಿದ ಸರಳ ಪ್ರಶ್ನೆಗೆ ಅವರಲ್ಲಿ ನಿಘಂಟಿನ ಉತ್ತರ ಮಾತ್ರ ಇತ್ತು. ‘ಕೊಪ್ಪು ಎಂದರೇನು?’ ‘ಬಿಲ್ಲಿನ ತುದಿ.’ ಹೆದೆ, ನಾರಿ, ತಿರು, ಸರಳು, ಕಣೆ, ಹಿಳುಕು ಎಲ್ಲವೂ ಬಾಯಲ್ಲಿದ್ದವು, ಒಂದೂ ಕೈಯಲ್ಲಿರಲಿಲ್ಲ. ನಿವೃತ್ತಿಯ ಬಳಿಕ ಆ ಕೊರತೆ ಅವರನ್ನು ಕಾಡಿತು. ಮಳವಳ್ಳಿಯ ಆಚೆ, ಮುತ್ತತ್ತಿಯ ಕಾಡಿನ ಕಡೆಯ ಹಳ್ಳಿಯೊಂದರ ಆಚಾರಿಯ ಬಳಿಗೆ ಅವರು ಹೋದರು. ಬಾಲ್ಯದಲ್ಲಿ ಅಜ್ಜ ಬೇಟೆಯ ಬಿಲ್ಲು ಮಾಡುವುದನ್ನು ಆಚಾರಿ ಕಂಡಿದ್ದರು.

ಕಾಡಿನಿಂದ ಮರ ಕಡಿಯುವ ಮಾತೇ ಇರಲಿಲ್ಲ. ಅದು ಕಾವೇರಿ ವನ್ಯಧಾಮದ ಸೀಮೆ. ಹಿತ್ತಲಲ್ಲಿ ಹಳೆಯ ಎತ್ತಿನಗಾಡಿಯ ಮೂಕಿಯಿತ್ತು, ತಡಸಲು ಮರದ್ದು. ಬಾಗಿಯೂ ಮುರಿಯದ ಗುಣದಿಂದಾಗಿ ಗಾಡಿಗೂ ಹಿಡಿಗಳಿಗೂ ಒದಗುವ ಈ ಮರಕ್ಕೆ ಸಂಸ್ಕೃತದಲ್ಲಿ ಧನುರ್ವೃಕ್ಷವೆಂದೇ ಹೆಸರು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ತಾಳೆ, ಬಿದಿರು, ಮರ, ಕೊಂಬು ಎಂಬ ನಾಲ್ಕು ಬಗೆಯ ಬಿಲ್ಲುಗಳನ್ನೂ, ಎಕ್ಕ, ಸಣಬು, ಬಿದಿರು, ಸ್ನಾಯು ಮೊದಲಾದವುಗಳ ಹೆದೆಗಳನ್ನೂ ಹೇಳುತ್ತದೆ. ಮೇಷ್ಟ್ರು ಅದನ್ನು ಓದಿ ಹೇಳಿದಾಗ ಆಚಾರಿ ತಲೆದೂಗಿ, ‘ಎಕ್ಕದ ನಾರು ಗಟ್ಟಿ, ಸರಿಯಾಗೇ ಬರೆದವ್ರೆ’ ಎಂದರು.

ಮೂಕಿಯನ್ನು ಗರಗಸದಿಂದ ಕೊಯ್ಯಲಿಲ್ಲ. ಬೆಣೆ ಹೊಡೆದು ಎಳೆಯ ಜಾಡಿನಲ್ಲಿ ಸೀಳಿದರು. ಕೊಯ್ದರೆ ಎಳೆ ಅಡ್ಡ ಕಡಿಯುತ್ತದೆ. ಬಾಗಿದಾಗ ಅಲ್ಲಿಂದಲೇ ಸಿಬಿರೇಳುತ್ತದೆ. ಮೂರೂವರೆ ಮೊಳದ ಸೀಳು. ಬಿಲ್ಲಿನ ಬೆನ್ನು, ಎಂದರೆ ಎಸೆಯುವವನಿಗೆ ಆಚೆಯಾಗಿರುವ ಮೈ, ಹಿಗ್ಗುವ ಭಾಗ. ಅಲ್ಲಿ ಒಂದೇ ವರ್ಷದ ಬಳೆ ತುದಿಯಿಂದ ತುದಿಗೆ ಮುರಿಯದೆ ಓಡಬೇಕು. ಹೊಟ್ಟೆ ಕುಗ್ಗುವ ಭಾಗ. ಬಾಚಿಯ ಕೆಲಸವೆಲ್ಲ ಆ ಕಡೆಗೆ. ಹಿಡಿಯಲ್ಲಿ ದಪ್ಪ, ಕೊಪ್ಪಿನತ್ತ ಹೋದಂತೆ ತೆಳು. ಬಳಿಕ ಹಿಡಿಯನ್ನು ಗೂಟಕ್ಕೆ ಆನಿಸಿ, ಹಗ್ಗ ಕಟ್ಟಿ, ಗೇಣು ಗೇಣಾಗಿ ಎಳೆದು ನೋಡುವುದು. ಬಾಗದ ಕಡೆ ಹೆರೆಯುವುದು. ಹೆಚ್ಚು ಬಾಗಿದ ಕಡೆ ಮುಟ್ಟದಿರುವುದು.

‘ಹೆರೆದದ್ದನ್ನ ಮತ್ತೆ ಅಂಟಿಸೋಕಾಗಲ್ಲ ಮೇಷ್ಟ್ರೇ. ಅದ್ಕೇ ಈ ಕೆಲಸದಾಗೆ ಕೈಗಿಂತ ಕಣ್ಣು ಜಾಸ್ತಿ.’

ಮೊದಲನೆಯದು ಮುರಿಯಿತು. ಮೂರನೆಯ ದಿನ, ಕೆಳಗಿನ ತೋಳಿನಲ್ಲಿ ಅಡಗಿದ್ದ ಗಂಟಿನ ಬಳಿ, ಸದ್ದು ಗೋಡೆಗೆ ಬಡಿದಂತೆ. ಆಚಾರಿ ತುಂಡುಗಳನ್ನು ಎತ್ತಿ ನೋಡಿ ಒಲೆಯ ಪಕ್ಕ ಇಟ್ಟರು, ಎರಡನೆಯ ಸೀಳನ್ನು ಕೈಗೆತ್ತಿಕೊಂಡರು. ಅದು ನಿಂತಿತು. ಎರಡು ತೋಳುಗಳೂ ಒಂದೇ ಚಂದ್ರರೇಖೆಯಂತೆ ಬಾಗಿದವು. ತುದಿಯಲ್ಲಿ ಉಳಿಯಿಂದ ಕಚ್ಚು ಕೊರೆದಾಗ ಮೇಷ್ಟ್ರು ಆ ಕಚ್ಚಿಗೆ ಬೆರಳಿಟ್ಟರು. ಕೊಪ್ಪು ಬರಿಯ ತುದಿಯಲ್ಲ; ಹೆದೆಯ ಎಳೆತವೆಲ್ಲ ಬಂದು ನಿಲ್ಲುವ ಎಡೆ. ಕೊಪ್ಪಿಗೆ ಹೆದೆಯೇರಿಸುವುದೆಂದರೆ ಮರವನ್ನು ಅದರ ಇಚ್ಛೆಗೆ ವಿರುದ್ಧವಾಗಿ ಕಟ್ಟಿಡುವುದು; ಕೆಲಸ ಮುಗಿದೊಡನೆ ಇಳಿಸದಿದ್ದರೆ ಮರ ಸೋತು ಬಾಗಿಯೇ ಉಳಿಯುತ್ತದೆ.

‘ಅಂಬು ಎಷ್ಟು ಬೇಕು?’ ಎಂದು ಆಚಾರಿ ಕೇಳಿದರು.

‘ಒಂದೂ ಬೇಡ.’

‘ಅಂಬಿಲ್ದಿದ್ರೆ ಇದು ಬಡಿಗೆ ಅಷ್ಟೇ ಮೇಷ್ಟ್ರೇ.’

ಮೇಷ್ಟ್ರಿಗೆ ಅಷ್ಟೇ ಬೇಕಾಗಿತ್ತು. ಆದಿದೇವನು ಜನರಿಗೆ ಕಲಿಸಿದನೆನ್ನುವ ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳ ಸಾಲಿನಲ್ಲಿ ಆಯುಧವೇ ಮೊದಲನೆಯದು. ಮಾಡುವ ಕೈಯನ್ನು ಪರಂಪರೆ ನಿರಾಕರಿಸಿಲ್ಲ. ಆದರೆ ಸಮಂತಭದ್ರರ ರತ್ನಕರಂಡಕವು ಕೊಡಲಿ, ಕತ್ತಿ, ಬೆಂಕಿ, ಆಯುಧಗಳನ್ನು ಪರರ ಕೈಗೆ ಕೊಡುವುದನ್ನು ಹಿಂಸಾದಾನವೆಂದು ಕರೆದು ಅನರ್ಥದಂಡಗಳಲ್ಲಿ ಸೇರಿಸುತ್ತದೆ. ಜನ್ನನ ಯಶೋಧರಚರಿತೆಯಲ್ಲಿ ಯಶೋಮತಿಯು ಶಬ್ದವೇಧಿಯ ಜಾಣ್ಮೆ ತೋರಲೆಂದು ಕೂಗುವ ಕೋಳಿಗಳತ್ತ ಬಾಣ ಬಿಡುತ್ತಾನೆ. ಸತ್ತವು ಅವನ ತಂದೆಯೂ ಅಜ್ಜಿಯೂ ತಳೆದ ಜನ್ಮಗಳು. ಅಲ್ಲಿ ಹಸಿವಿಲ್ಲ, ಹಗೆಯಿಲ್ಲ. ಕೈಯಲ್ಲಿ ಬಿಲ್ಲಿದೆ, ಅಷ್ಟೇ.

ಬಿಲ್ಲು ಸಿದ್ಧವಾದ ಸುದ್ದಿ ಹಳ್ಳಿಯಲ್ಲಿ ನಿಲ್ಲಲಿಲ್ಲ. ಸಂಜೆ ರೈತನೊಬ್ಬ ಬಂದ. ಎರಡು ಎಕರೆ ರಾಗಿ, ಪಕ್ಕದಲ್ಲಿ ಕಬ್ಬು. ವಾರದಲ್ಲಿ ಮೂರು ರಾತ್ರಿ ಕಾಡುಹಂದಿ ನುಗ್ಗಿತ್ತು.

‘ನಾಕು ದಿನಕ್ಕೆ ಕೊಡಿ ಸ್ವಾಮಿ. ಅಂಬು ನಾನೇ ಮಾಡ್ಕತೀನಿ.’

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಮೇಷ್ಟ್ರು ನೆನಪಿಸಿದರು. ರೈತ ಕಾಯ್ದೆಯನ್ನು ಬಲ್ಲವನೇ. ತಾವು ವ್ರತದವರೆಂದೂ ಹೇಳಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:

‘ನೀವು ರಾಗಿ ಉಣ್ಣಲ್ವಾ ಸ್ವಾಮಿ?’

ಮೂವತ್ತು ವರ್ಷದ ಪಾಠದಲ್ಲಿ ಆತಕೂರಿನ ಹಂದಿ ಯಾವ ಹೊಲದಿಂದ ಬೆಟ್ಟಕ್ಕೆ ಓಡಿತ್ತೆಂದು ಯಾರೂ ಕೇಳಿರಲಿಲ್ಲ. ಕಲ್ಲು ಅದನ್ನು ಹೇಳುವುದಿಲ್ಲ. ಅರಸನಿಗೂ ಮಣಲೆರನಿಗೂ ಅದು ಬೇಟೆ. ಕೆರೆಯ ಕೆಳಗಣ ಒಕ್ಕಲಿಗೆ ಅದು ಒಂದು ವರ್ಷದ ಅನ್ನವಾಗಿದ್ದಿರಬಹುದು. ಬೂತುಗನ ಮಗ ಮಾರಸಿಂಹನು 974ರಲ್ಲಿ ರಾಜ್ಯವನ್ನು ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ಮುಡಿಪಿದನು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವಸ್ತಂಭ ಅದನ್ನು ಸಾರುತ್ತದೆ. ಆಯುಧವನ್ನು ಕೆಳಗಿಡುವುದು ಎಲ್ಲವನ್ನೂ ಬಿಟ್ಟವನಿಗೆ ಸಾಧ್ಯ. ಉಣ್ಣುತ್ತಲೇ ಇರುವವನು ಅದನ್ನು ಕೆಳಗಿಟ್ಟರೆ ಆ ಭಾರ ಇನ್ನೊಬ್ಬನ ಹೊಲದ ಮೇಲೆ ಬೀಳುತ್ತದೆ.

ಮೇಷ್ಟ್ರು ಬಿಲ್ಲನ್ನು ಕೊಡಲಿಲ್ಲ. ಹೆದೆಯನ್ನು ಕೊಪ್ಪಿನಿಂದ ಇಳಿಸಿ, ಸುತ್ತಿ ಜೇಬಿಗೆ ಹಾಕಿಕೊಂಡರು. ಮದ್ದೂರಿನ ಕಡೆಯ ಬಸ್ಸು ಬರುವ ಹೊತ್ತಾಗಿತ್ತು, ಅದನ್ನು ಹಿಡಿಯಲಿಲ್ಲ. ಅನಸ್ತಮಿತ ವ್ರತದವರಾದ್ದರಿಂದ ಹೊತ್ತು ಮುಳುಗುವ ಮುನ್ನವೇ ಆಚಾರಿಯ ಮನೆಯಲ್ಲಿ ಎರಡು ಬಾಳೆಹಣ್ಣು ತಿಂದು ನೀರು ಕುಡಿದು, ರೈತನ ಹಿಂದೆ ಹೊಲದ ಅಟ್ಟಣೆಗೆ ಹೋದರು. ನಡುರಾತ್ರಿಯಲ್ಲಿ ಕಬ್ಬಿನ ಕಡೆ ಸದ್ದಾಯಿತು. ಇಬ್ಬರೂ ತಗಡಿನ ಡಬ್ಬ ಬಡಿದರು, ಕೂಗಿದರು. ಪಾಠ ಹೇಳಿ ಸವೆದ ಗಂಟಲು ಬೇಗನೆ ಒಡೆಯಿತು. ಹಂದಿಗಳು ಆ ರಾತ್ರಿ ತಿರುಗಿ ಹೋದವು.

‘ನಾಳೆ?’ ಎಂದ ರೈತ, ಡಬ್ಬವನ್ನು ಕೆಳಗಿಡುತ್ತಾ.

ಮೇಷ್ಟ್ರು ಮರುದಿನವೂ ಬಂದರು.