ಅಳಿಸಿದ ಲೆಕ್ಕ

“ಬಿಸಿಲು ಏರೂದ್ರಾಗ ಮುಗಿಸಿಬಿಡ್ರಿ,” ಎಂದು ಆ ಹಳ್ಳಿಯ ಕ್ರೈಸ್ತ ಸಭೆಯ ಹಿರಿಯರು ಮೊದಲ ದಿನವೇ ಹೇಳಿದ್ದರು. ಗದಗ ಸೀಮೆಯ ಮೇ ತಿಂಗಳು. ನಾನು ತಲೆಯಾಡಿಸಿದೆ, ಆದರೆ ವಿಬಿಎಸ್, ಅಂದರೆ ಮಕ್ಕಳ ರಜಾ ಬೈಬಲ್ ಶಾಲೆ, ಶುರು ಮಾಡಿದ್ದು ಒಂಬತ್ತೂವರೆಗೇ. ಮಂಗಳೂರಿನಲ್ಲಿ ಅಚ್ಚು ಹಾಕಿಸಿ ತಂದ ವೇಳಾಪಟ್ಟಿಯಲ್ಲಿ ಹಾಗಿತ್ತು.

ನಾನಾಗ ಮಂಗಳೂರಿನ ನಮ್ಮ ಸಭೆಯ ಯೌವನಸ್ಥರ ಸಂಘದ ಕಾರ್ಯದರ್ಶಿ, ವಯಸ್ಸು ಇಪ್ಪತ್ತಾರು. ಆ ಬೇಸಿಗೆಯನ್ನು ಜನವರಿಯಲ್ಲೇ ಕಾಗದಕ್ಕೆ ಇಳಿಸಿದ್ದೆ. ಏಪ್ರಿಲಿನಲ್ಲಿ ನಮ್ಮ ಮಕ್ಕಳಿಗೆ ವಿಬಿಎಸ್, ಅದಾದ ಮೇಲೆ ಯುವಜನರ ಶಿಬಿರ, ಮೇ ತಿಂಗಳಲ್ಲಿ ಗದಗ ಸೀಮೆಗೆ ಹತ್ತು ದಿನದ ಮಿಶನ್ ಟ್ರಿಪ್. ಹದಿನಾಲ್ಕು ಹುಡುಗ ಹುಡುಗಿಯರು ಹೆಸರು ಕೊಟ್ಟಿದ್ದರು. ಹೊರಡುವ ಭಾನುವಾರ ಸಭೆಯ ಮುಂದೆ ನಿಂತು ಬಾಸೆಲ್ ಮಿಶನ್ನಿನವರ ಕಥೆ ಹೇಳಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದವರು 1837ಕ್ಕೆ ಧಾರವಾಡ, 1841ಕ್ಕೆ ಬೆಟಗೇರಿ ಮುಟ್ಟಿದ್ದರು. ಅದೇ ದಾರಿಯಲ್ಲಿ ನಾವೂ ಹೊರಟಿದ್ದೇವೆ ಎಂದೆ. ಹೇಳುವಾಗ ಗಂಟಲು ಕಟ್ಟಿತ್ತು. ಆ ಭಾವನೆ ಸುಳ್ಳಾಗಿರಲಿಲ್ಲ; ಇವತ್ತಿಗೂ ಅದನ್ನು ಸುಳ್ಳೆನ್ನಲಾರೆ.

ಹಳ್ಳಿಯಲ್ಲಿ ಮೊದಲ ದಿನ ನಲವತ್ತು ಮಕ್ಕಳು ಬಂದರು. ಎರಡನೇ ದಿನ ಇಪ್ಪತ್ತು. ಮೂರನೇ ದಿನ ಹತ್ತೂವರೆಯ ಹೊತ್ತಿಗೆ ತಗಡಿನ ಚಪ್ಪರ ಒಲೆಯಂತೆ ಕಾದು, ಇದ್ದ ಏಳೆಂಟು ಮಕ್ಕಳೂ ನೀರು ಕುಡಿಯುವ ನೆಪದಲ್ಲಿ ಮನೆಗೆ ಹೋದರು. ನಮ್ಮ ಹುಡುಗರು ಕೈಕಟ್ಟಿ ಕೂತರು. ಹಾಗೆ ಕೂತದ್ದನ್ನು ನನ್ನಿಂದ ನೋಡಲಾಗಲಿಲ್ಲ. ದೇಣಿಗೆ ಕೊಟ್ಟವರ ಹಣದಲ್ಲಿ ತಂದ ಡಿಸ್ಟೆಂಪರ್ ಇತ್ತಲ್ಲ, ಏಳನೇ ದಿನದ ಕೆಲಸವನ್ನು ಇವತ್ತೇ ಮಾಡೋಣ ಎಂದೆ. ಯಾರನ್ನೂ ಕೇಳಲಿಲ್ಲ. ದೇವರ ಮನೆಗೆ ಬಣ್ಣ ಹೊಡೆಯಲು ಯಾರನ್ನು ಕೇಳಬೇಕು ಎಂದುಕೊಂಡೆ.

ಆ ಪುಟ್ಟ ಪ್ರಾರ್ಥನಾ ಮಂದಿರದ ಬಾಗಿಲ ಪಕ್ಕದ ಹೊರಗೋಡೆಯಲ್ಲಿ ಇದ್ದಿಲಿನ ಗೆರೆಗಳಿದ್ದವು. ಮಕ್ಕಳು ಗೀಚಿದ್ದಿರಬೇಕು ಅಂದುಕೊಂಡೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಅದು ಪೂರ್ತಿ ನಿಜವಲ್ಲ. ಸ್ಯಾಂಡ್ ಪೇಪರ್ ಹಿಡಿದು ಗೋಡೆಗೆ ಮುಖ ಕೊಟ್ಟು ನಿಂತಾಗ ಆ ಗೆರೆಗಳಿಗೊಂದು ಕ್ರಮ ಇರುವುದು ಕಣ್ಣಿಗೆ ಬಿದ್ದಿತ್ತು. ಆರು ಗಿಡ್ಡ ಗೆರೆ, ಪಕ್ಕದಲ್ಲೊಂದು ಉದ್ದ ಗೆರೆ. ಮತ್ತೆ ಐದು ಗಿಡ್ಡ, ಒಂದು ಉದ್ದ. ಒಂದು ಕಡೆ ಮೂರೇ ಗಿಡ್ಡ. ಸಾಲಿನ ಕೆಳಗೆ ಸಾಲು, ಒಂದೇ ಕೈ ಎಳೆದ ಗೆರೆಗಳು. ಕೈ ಒಂದು ಕ್ಷಣ ತಡೆಯಿತು. ಆಮೇಲೆ ಉಜ್ಜಿದೆ. ಮಧ್ಯಾಹ್ನದೊಳಗೆ ಆ ಗೋಡೆ ತಿಳಿಹಳದಿಯಾಗಿ ಹೊಳೆಯುತ್ತಿತ್ತು.

ಸಂಜೆ ಪ್ರಾರ್ಥನೆಗೆ ಬಂದ ಅಜ್ಜಿಯೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟವರು ಒಳಗೆ ಬರಲೇ ಇಲ್ಲ. ಹೊರಗೆ ಹೋಗಿ ನೋಡಿದರೆ ಹಸಿ ಬಣ್ಣದ ಮೇಲೆ ಬೆರಳಾಡಿಸುತ್ತ ಏನನ್ನೋ ಹುಡುಕುತ್ತಿದ್ದಾರೆ.

“ಯಪ್ಪಾ, ಇಲ್ಲಿ ಗೆರಿ ಇದ್ದೂವಲ್ಲ, ಎಲ್ಲಿ ಹೋದುವು?”

ಅಜ್ಜಿಯ ಮಗ ಸೊಸೆ ಇಬ್ಬರೂ ದೀಪಾವಳಿ ಮುಗಿಸಿಕೊಂಡು ಮಂಗಳೂರಿಗೆ ದುಡಿಯಲು ಹೋಗಿದ್ದರು. ಮೇಸ್ತ್ರಿಯಿಂದ ಮುಂಗಡ ಹಿಡಿದು ಹೋದ ಗೌಂಡಿ ಕೆಲಸ. ವಾರಕ್ಕೆ ಸಂತೆ ಖರ್ಚಿಗಷ್ಟೇ ಕೊಡುತ್ತಾರೆ. ಉಳಿದ ಪಗಾರ ಬಿತ್ತನೆಗೆ ಊರಿಗೆ ಮರಳುವಾಗ, ಮುಂಗಡ ಮುರಿದುಕೊಂಡು ಒಟ್ಟಿಗೆ. ಎಷ್ಟು ದಿನ ದುಡಿದರು ಎನ್ನುವುದು ಮೇಸ್ತ್ರಿಯ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಹಿಂದಿನ ವರ್ಷ ಆ ಪುಸ್ತಕಕ್ಕೂ ಮಗನ ನೆನಪಿಗೂ ಹದಿನೈದು ದಿನಗಳ ವ್ಯತ್ಯಾಸ ಬಂದಿತ್ತು. ಅದಕ್ಕೇ ಈ ಸಲ ಪ್ರತಿ ಭಾನುವಾರ ಮಗ ಫೋನ್ ಮಾಡಿ ವಾರದ ಕೆಲಸದ ದಿನ ಹೇಳುತ್ತಿದ್ದ. ಓದು ಬರಹ ಬಾರದ ತಾಯಿ ಆರಾಧನೆ ಮುಗಿಸಿ ಬಂದು ಗೆರೆ ಎಳೆಯುತ್ತಿದ್ದರು. ಉದ್ದ ಗೆರೆ ಎಂದರೆ ಭಾನುವಾರ.

“ನಮ್ಮ ಮನಿ ಗ್ವಾಡಿ ಮಣ್ಣಿಂದು, ಸಾರಿಸಿದಾಗೊಮ್ಮೆ ಅಳಿಸಿ ಹೋಗತಿತ್ತು. ದೇವರ ಗುಡಿ ಗ್ವಾಡಿ ಯಾರ್ ಅಳಸ್ತಾರ ಅಂತ ಇಲ್ಲಿ ಹಾಕಿದ್ದೆ.”

ನಾನು ಏನು ಮಾಡಿದೆ ಗೊತ್ತೆ? ಜೇಬಿನಿಂದ ಹಣ ತೆಗೆದೆ. ಐನೂರರ ನಾಲ್ಕು ನೋಟು. ಅಜ್ಜಿ ನನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. “ರೊಕ್ಕ ಬ್ಯಾಡಪ್ಪಾ. ನನಗ ಲೆಕ್ಕ ಬೇಕು.” ಬೈಯಲಿಲ್ಲ. ಒಳಗೆ ಹೋಗಿ ಚಾಪೆಯ ಮೇಲೆ ತಮ್ಮ ಜಾಗದಲ್ಲಿ ಕೂತರು. ಆ ಸಂಜೆಯ ಪ್ರಾರ್ಥನೆ ನಡೆಸಬೇಕಾದವನು ನಾನು. ಮೊಣಕಾಲೂರಿದೆ, ಬಾಯಿ ತೆರೆದರೆ ಮಾತೇ ಬರಲಿಲ್ಲ. ಊರ ಹಿರಿಯರೇ ಮುಂದುವರಿಸಿದರು.

ಅಜ್ಜಿಯ ಮೊಮ್ಮಗಳು ನಮ್ಮ ವಿಬಿಎಸ್ಸಿಗೆ ಮೂರೂ ದಿನ ಬಂದಿದ್ದಳು. ಮರುದಿನ ಹತ್ತಿರ ಬಂದು, “ಅಣ್ಣಾರ, ನೀವು ಮಂಗಳೂರಿನವರಲ್ರಿ? ನಮ್ಮವ್ವ ಅಲ್ಲೇ ಅದಾಳ್ರಿ. ನೀವು ನೋಡೀರೇನ್ರಿ?” ಎಂದು ಕೇಳಿದಳು. ಇಲ್ಲ ಎಂದೆ. ಅಷ್ಟು ದೊಡ್ಡ ಊರಿನಲ್ಲಿ ಹೇಗೆ ನೋಡುವುದು ಎಂದು ಅವಳಿಗೆ ವಿವರಿಸಲೂ ಹೊರಟೆ. ಅವಳು ಕೇಳಿಸಿಕೊಳ್ಳದೆ ಅಜ್ಜಿಯ ಫೋನ್ ತಂದು ಕೊಟ್ಟಳು. ಅವಳಪ್ಪ ಹೇಳಿದ ಜಾಗದ ಗುರುತು ನನ್ನ ಮನೆಯಿಂದ ಎರಡು ಕಿಲೋಮೀಟರ್ ಕೂಡ ಇಲ್ಲ. ದಿನಾ ಬೈಕಿನಲ್ಲಿ ಹೋಗುವ ರಸ್ತೆ. ನೀಲಿ ತಾಡಪಾಲಿನ ಆ ಶೆಡ್ಡುಗಳು ನನಗೆ ಗೊತ್ತಿದ್ದವು. ಒಮ್ಮೆಯೂ ಅಲ್ಲಿ ಬೈಕ್ ನಿಲ್ಲಿಸಿದವನಲ್ಲ.

ನಾಲ್ಕನೇ ದಿನದಿಂದ ವಿಬಿಎಸ್ಸನ್ನು ಬೆಳಿಗ್ಗೆ ಆರೂವರೆಗೆ ಇಟ್ಟುಕೊಂಡೆವು. ಮಕ್ಕಳು ಬಂದರು.

ಊರಿಗೆ ಮರಳಿದ ಮೇಲಿನ ಭಾನುವಾರ ವರದಿ ಒಪ್ಪಿಸಬೇಕಿತ್ತು. ಎಲ್ಲ ಹೇಳಿಬಿಡಬೇಕು ಎಂದು ನಿಶ್ಚಯಿಸಿ ಹೋದವನು ಹೇಳಲಿಲ್ಲ. ದೇಣಿಗೆ ಕೊಟ್ಟವರು ಮುಂದಿನ ಸಾಲಿನಲ್ಲಿದ್ದರು. ಗೋಡೆಯ ಮೊದಲಿನ ಚಿತ್ರ, ಬಣ್ಣ ಹೊಡೆದ ಮೇಲಿನ ಚಿತ್ರ, ಎರಡನ್ನೂ ಪರದೆಯ ಮೇಲೆ ಹಾಕಿದೆ. ಜನ ಚಪ್ಪಾಳೆ ತಟ್ಟಿದರು. ಆಗಲೇ ಕಂಡದ್ದು. ಮೊದಲಿನ ಚಿತ್ರದಲ್ಲಿ, ಪರದೆಯಷ್ಟು ದೊಡ್ಡದಾಗಿ, ಆ ಗೆರೆಗಳು. ಆರು ಗಿಡ್ಡ, ಒಂದು ಉದ್ದ. ವರದಿಗೆಂದು ನಾನೇ ತೆಗೆದ ಫೋಟೋ ನನ್ನ ಫೋನಿನಲ್ಲಿ ಅಷ್ಟು ದಿನ ಇತ್ತು. ಅಜ್ಜಿ ಕಣ್ಣೆದುರು ನಿಂತಿದ್ದಾಗಲೂ ಅದನ್ನು ತೆರೆದು ನೋಡುವುದು ನನಗೆ ಹೊಳೆದಿರಲಿಲ್ಲ.

ವಿಬಿಎಸ್ ಹುಟ್ಟಿದ ಕಥೆಯನ್ನು ನಾನು ಓದಿದ್ದು ಆಮೇಲೆ. 1898ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಎಲೈಜಾ ಹಾವ್ಸ್ ಎಂಬಾಕೆ, ತನ್ನದೇ ನಗರದ ವಲಸಿಗರ ಕೇರಿಯಲ್ಲಿ ಬೀದಿಗೆ ಬಿದ್ದ ಮಕ್ಕಳನ್ನು ಕಂಡು, ಒಂದು ಹೆಂಡದಂಗಡಿಯ ಜಾಗವನ್ನು ಬಾಡಿಗೆಗೆ ಹಿಡಿದು ಶುರುಮಾಡಿದ್ದಂತೆ. ಬಾಸೆಲ್ ಮಿಶನ್ನಿನ ಕಿಟೆಲ್ಲರೂ ಆಗಾಗ ನೆನಪಾಗುತ್ತಾರೆ. ನಮ್ಮ ಸಭೆಯಲ್ಲಿ ಅವರ ಹೆಸರೆತ್ತದೆ ಒಂದು ವಾರ್ಷಿಕೋತ್ಸವವೂ ಮುಗಿಯುವುದಿಲ್ಲ. ಅವರು ಈ ನಾಡಿಗೆ ಬಂದದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವಿನ ನಲವತ್ತೊಂದು ವರ್ಷ ಇಲ್ಲಿನ ಜನರ ಒಂದೊಂದು ಮಾತಿಗೂ ಅರ್ಥವೇನು ಎಂದು ಹುಡುಕಿದ ವರ್ಷಗಳು. ಬೀಳ್ಕೊಡುಗೆಯ ಭಾಷಣದಲ್ಲಿ ನಾನು ಹಿರಿಯರು ನಡೆದ ದೂರವನ್ನಷ್ಟೇ ಹೇಳಿದ್ದೆ. ಗೋಡೆಯ ಮೇಲಿನ ಗೆರೆ ಏನೆಂದು ಕೇಳಲು ನನಗೆ ಒಂದು ನಿಮಿಷ ಸಾಕಿತ್ತು. ಕೇಳಿದರೆ ಕೆಲಸ ನಿಲ್ಲುತ್ತಿತ್ತು, ಅದಕ್ಕೇ ಕೇಳಲಿಲ್ಲ. ಸೇವೆ ಮಾಡಲು ಹೋದವನಿಗೆ ಕೆಲಸ ನಿಂತೀತೆಂಬ ಭಯ ಯಾಕೆ ಅಷ್ಟಿತ್ತು ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ವರದಿ ಒಪ್ಪಿಸಿದ ಅದೇ ಭಾನುವಾರ ಸಂಜೆ ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ನೀಲಿ ಶೆಡ್ಡಿಗೆ ಹೋದೆ. ಅಜ್ಜಿಯ ಮಗ ಸಿಮೆಂಟ್ ಚೀಲ ಹಾಸಿ ಕೂರಿಸಿದ. ನಾನು ಮಾಡಿದ್ದನ್ನು ಹೇಳಿದೆ. ಅವನು “ಆತ್ರಿ, ಇರ್ಲಿ” ಎಂದು ಪೆನ್ನು ತೆಗೆದ. ಸಾಲು ಸಾಲಾಗಿ ಎಣಿಸಿದೆವು. ಬಲಗಡೆಯ ಸಾಲುಗಳಲ್ಲಿ ಮೂರು ವಾರ ಕಾಣಲಿಲ್ಲ. ಚಿತ್ರಕ್ಕೆಂದು ನಗುತ್ತ ನಿಂತ ನಮ್ಮ ಹುಡುಗನೊಬ್ಬನ ಭುಜ ಅಡ್ಡ ಬಂದಿತ್ತು. ಆ ಮೂರು ವಾರವನ್ನು ಅವನು ಕಣ್ಣುಮುಚ್ಚಿ ನೆನಪಿಸಿಕೊಳ್ಳಲು ನೋಡಿದ. ಎರಡು ಸಿಕ್ಕಿದವು.

ಅವನ ಹೆಂಡತಿ ಒಲೆಯ ಮುಂದಿಂದ ಎದ್ದು ಬಂದು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ನನ್ನನ್ನೇ ನೋಡಿ ಕೇಳಿದಳು: “ನಮ್ಮ ಹುಡುಗಿ ಉದ್ದ ಆಗ್ಯಾಳೇನ್ರಿ?”

ಎದ್ದು ನಿಂತು ನನ್ನ ಎದೆಯ ಮಟ್ಟಕ್ಕೆ ಕೈ ಹಿಡಿದು ತೋರಿಸಿದೆ. ಆಮೇಲೆ ಸ್ವಲ್ಪ ಇಳಿಸಿದೆ. ಅವಳು ಆ ಕೈಯನ್ನೇ ನೋಡುತ್ತಿದ್ದಳು. ನನಗೆ ಸರಿಯಾಗಿ ನೆನಪಿರಲಿಲ್ಲ.