ಕಾರ್ಡ್ ಬರೋ ಮೊದಲೇ ಷೇರು ಬಿತ್ತು

ನಾವು ಸಾಗರದವರು. ಹೊಸನಗರದ ಭಾವ ಎನ್‌ವಿಡಿಯಾ ಪಕ್ಷ, ತೀರ್ಥಹಳ್ಳಿಯ ಚಿಕ್ಕಪ್ಪ ಎಎಂಡಿ ಪಕ್ಷ. ಇಬ್ಬರೂ ಅಡಿಕೆ ಬೆಳೆಗಾರರು; ಮೊಬೈಲಿನಲ್ಲೇ ಅಮೆರಿಕದ ಷೇರು ನೋಡ್ತಾರೆ. ಮನೆತನದಲ್ಲಿ ಸಾಫ್ಟ್‌ವೇರ್‌ನವನು ನಾನೊಬ್ಬನೇ ಆದ್ದರಿಂದ ಪಂಚಾಯ್ತಿಕೆ ನನ್ನ ಪಾಲಿಗೆ.

"ಹೊಸ ಗ್ರಾಫಿಕ್ಸ್ ಕಾರ್ಡ್ ಯಾವಾಗ ಬರ್ತದೆ ಹೇಳು ಮಾರಾಯ, ಎಂಟು ದಿನ ಮೊದಲು ಷೇರು ತಗೊಂಡ್ರಾಯ್ತು" ಅಂದರು ಚಿಕ್ಕಪ್ಪ. ಹಾಕಲು ಹೊರಟಿದ್ದು ಎಲೆಚುಕ್ಕಿ ಹಿಡಿದ ತೋಟದ ಔಷಧಿಗೆ ಎತ್ತಿಟ್ಟ ದುಡ್ಡು.

ನಾನು 2025ರ ಕತೆ ಹೇಳಿದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 5090 ಮಾರಾಟಕ್ಕೆ ಬಂದಿದ್ದು ಜನವರಿ 30ಕ್ಕೆ. ಮೂರೇ ದಿನ ಮೊದಲು, 27ರಂದು, ಚೀನಾದ ಡೀಪ್‌ಸೀಕ್ ಸುದ್ದಿಗೆ ಕಂಪನಿಯ ಷೇರು ಒಂದೇ ದಿನ ಸುಮಾರು ಶೇ 17ರಷ್ಟು ಕುಸಿಯಿತು. ಎಎಂಡಿಯ ಆರ್‌ಎಕ್ಸ್ 9070 ಸುದ್ದಿ ಜನವರಿಯಲ್ಲೇ ಇತ್ತು. ಕಾರ್ಡ್ ಅಂಗಡಿಗೆ ಬಂದಿದ್ದು ಮಾರ್ಚ್ 6ಕ್ಕೆ.

ಎನ್‌ವಿಡಿಯಾದ ಆದಾಯದ ಬಹುಪಾಲು ಈಗ ಬರುವುದು ಗೇಮ್ ಆಡುವವರ ಕಾರ್ಡಿನಿಂದಲ್ಲ, ಎಐ ನಡೆಸುವ ಡೇಟಾ ಸೆಂಟರ್‌ಗಳಿಂದ. ಜೊತೆಗೆ, ಎಲ್ಲರಿಗೂ ಗೊತ್ತಿರುವ ಬಿಡುಗಡೆ ದಿನಾಂಕ ಷೇರಿನ ದರದಲ್ಲಿ ಮೊದಲೇ ಸೇರಿರುತ್ತದೆ. ನಮ್ಮ ಕೊಯ್ಲು ಯಾವಾಗ ಅಂತ ಮಂಡಿಯ ವ್ಯಾಪಾರಿಗೆ ಗೊತ್ತಿರೋದಿಲ್ವಾ?

ಭಾವ ನಕ್ಕರು. "ಹಂಗಾದ್ರೆ ಎರಡೂ ಬೇಡ ಅಂತೀಯಾ?" ಅಂದರು ಚಿಕ್ಕಪ್ಪ.

"ಹತ್ತು ವರ್ಷ ಮುಟ್ಟದೆ ಇರಬಹುದಾದ ದುಡ್ಡಿದ್ರೆ ಯಾವುದಾದ್ರೂ ತಗೊಳಿ. ಇದು ಔಷಧಿ ದುಡ್ಡು, ಮಳೆ ಹಿಡಿಯೋದ್ರೊಳಗೆ ಬೇಕು" ಅಂದೆ.

ಮರುವಾರ ಫೋನ್ ಮಾಡಿದರು, ಔಷಧಿ ಹೊಡೆಯೋಕೆ ಜನ ಸಿಕ್ಕಿದ್ದಾರಂತೆ.